ಮೂರೂಕಾಲು ತಾಸಿನ ಜಿದ್ದಾ

ಜಿಲಾನಿಸಾಬ್ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಂಟ್ರೋಲರ್ ಕೆಲಸ ಮಾಡಿದವನು. ಯಾವ ಗಾಡಿ ಎಷ್ಟು ಹೊತ್ತಿಗೆ ಬಿಟ್ಟಿತು, ಯಾವುದು ಎಷ್ಟು ಹೊತ್ತಿಗೆ ಬಂತು ಅಂತ ಕಿಟಕಿಯ ಹಿಂದೆ ಕೂತು ಬರೆಯುವುದು, ಮೈಕಿನಲ್ಲಿ ಕೂಗುವುದು, ತಡವಾಗಿ ಬಂದ ಡ್ರೈವರನ ಮಾರಿ ನೋಡುವುದು, ಇಷ್ಟೇ ಅವನ ನೌಕರಿ. ಮೂರನೆಯದೆಂದರೆ ಅವನಿಗೆ ಪಂಚಪ್ರಾಣ. ಮಸ್ಕಿ ಕಡೆಯಿಂದ ಬರುವ ಗಾಡಿ ಹನ್ನೊಂದು ನಿಮಿಷ ತಡವಾಯಿತೆನ್ನಿ. ಡ್ರೈವರ್ ಇಳಿದು ಬಂದು, "ಪಂಚರ್ ಆಗಿತ್ರೀ ಸಾಹೇಬ್ರ" ಅನ್ನುವಷ್ಟರಲ್ಲೇ ಇವನು, "ಬಳಗಾನೂರಾಗ ಮಿರ್ಚಿ ಬಿಸಿ ಇದ್ವೇನಪ್ಪಾ?" ಅಂತ ಕೇಳಿಬಿಡುತ್ತಿದ್ದ. ಪಂಚರ್ ತೆಗೆಯಲು ಇಪ್ಪತ್ತೈದು ನಿಮಿಷ ಬೇಕು. ಹನ್ನೊಂದು ನಿಮಿಷದಲ್ಲಿ ಮುಗಿಯುವುದು ಒಂದು ಪ್ಲೇಟ್ ಮಿರ್ಚಿ ಬಜ್ಜಿ, ಒಂದು ಚಾ. ಡ್ರೈವರ್ ತಲೆ ಕೆರೆದುಕೊಳ್ಳುತ್ತಾ ಸಹಿ ಮಾಡಿ ಹೋಗುತ್ತಿದ್ದ.

ರಿಟೈರ್ ಆಗಿ ಮೂರು ವರ್ಷವಾದರೂ ಈ ಚಾಳಿ ರಿಟೈರ್ ಆಗಲಿಲ್ಲ. ಹಾಲಿನವ ಏಳು ನಿಮಿಷ ತಡವಾದರೆ ಎಲ್ಲಿ ನೀರು ಬೆರೆಸಿದ ಅಂತ ಕೇಳುವನು. ಹೆಂಡತಿ ಸಲ್ಮಾ ಪೇಟೆಗೆ ಹೋಗಿ ಬಂದರೆ, "ಬಳಿ ಅಂಗಡ್ಯಾಗ ಹದಿನೈದು ನಿಮಿಷ ಕುಂತಿ ಹೌದಿಲ್ಲೋ?" ಅನ್ನುವನು. ಆಕೆ, "ನಿಮ್ಮ ಸ್ಟ್ಯಾಂಡಿನ ಗಾಡಿ ಅಲ್ರೀ ನಾ, ನಿಮ್ಮ ಹೆಂಡ್ತಿ" ಅಂತ ಒಳಗೆ ಹೋಗಿಬಿಡುತ್ತಿದ್ದಳು. ಹದಿನೈದು ನಿಮಿಷ ಅಲ್ಲ ಅಂತ ಮಾತ್ರ ಹೇಳುತ್ತಿರಲಿಲ್ಲ.

ಆದರೆ ಮನೆಯಲ್ಲಿ ಅವನ ಲೆಕ್ಕವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳದಂಥ ಒಂದು ಪ್ರಸಂಗ ನಡೆದಿತ್ತು. ಒಬ್ಬಳೇ ಮಗಳು ಶಾಹೀಸ್ತಾಳಿಗೆ ಮೊದಲು ಬೇರೆ ಕಡೆ ಸಂಬಂಧ ಗೊತ್ತಾಗಿತ್ತು. ಹುಡುಗ ಲಿಂಗಸೂಗೂರಿನಲ್ಲಿ ಆಫೀಸ್ ಕೆಲಸದವನು, ಪ್ಯಾಂಟು ಶರ್ಟು ಇಸ್ತ್ರಿ ಮಾಡಿದ್ದು, ಮಾತು ಬೆಣ್ಣೆ. ಚಾ ಕುಡಿಯುತ್ತಾ, ಶುಕ್ರವಾರ ಎಂಟೂ ಹದಿನೈದರ ಬಸ್ಸಿಗೆ ನೇರ ಲಿಂಗಸೂಗೂರಿನಿಂದ ಬಂದೆ ಅಂದ. ಜಿಲಾನಿಸಾಬ್ ಕಪ್ಪು ಕೆಳಗಿಟ್ಟ. ಎಂಟೂ ಹದಿನೈದರ ಗಾಡಿ ಶುಕ್ರವಾರ ಇಲ್ಲವೇ ಇಲ್ಲ. ಹಾಗಾದರೆ ಈ ಮಗ ಎಲ್ಲಿಂದ ಬಂದ? ಹುಡುಕಿಸಿದರೆ, ಪಾಮನಕಲ್ಲೂರಿನಲ್ಲಿ ಅವನದೊಂದು ಸಂಸಾರವೇ ಇತ್ತು, ಹೆಂಡತಿ, ಎರಡು ವರ್ಷದ ಮಗು. ಸಂಬಂಧ ಅಲ್ಲಿಗೇ ಮುರಿಯಿತು. ಶಾಹೀಸ್ತಾ ಆವತ್ತು ಅಪ್ಪನ ಕೈ ಹಿಡಿದು ಅತ್ತಿದ್ದಳು. ಗಂಡಸರು ಸುಳ್ಳು ಹೇಳಬಹುದು, ಅಬ್ಬಾನ ಟೈಮು ಸುಳ್ಳಾಗದು ಅಂತ ಆಕೆಯ ಮನಸ್ಸಿನಲ್ಲಿ ಬೇರು ಬಿಟ್ಟದ್ದು ಆವತ್ತೇ.

ಆಮೇಲೆ ಬಂದವನು ಮಸ್ಕಿಯ ಮಕ್ತುಂಬೀಯ ಮಗ ರಫೀಕ್. ಜಿದ್ದಾದಲ್ಲಿ ಒಂದು ಐಸ್ ಫ್ಯಾಕ್ಟರಿಯ ಮಷಿನ್ ನೋಡಿಕೊಳ್ಳುವ ಕೆಲಸ. ಬಸ್ಸಿನಲ್ಲಲ್ಲದೆ ವಿಮಾನದಲ್ಲಿ ಬಂದಿಳಿದವನಾದ್ದರಿಂದ ಜಿಲಾನಿಸಾಬ್‌ಗೆ ಅವನನ್ನು ಅಳೆಯಲು ಅಳತೆಗೋಲೇ ಸಿಗಲಿಲ್ಲ. ನಿಕಾಹ್ ಆಯಿತು, ಎರಡು ತಿಂಗಳು ಇದ್ದ, ಹೋದ. ಎರಡು ವರ್ಷ ಶಾಹೀಸ್ತಾ ಮಸ್ಕಿಯಲ್ಲಿ ಅತ್ತೆಯ ಜೊತೆ ಇದ್ದು ಫೋನಿನಲ್ಲೇ ಸಂಸಾರ ಮಾಡಿದಳು. ಈಗ ನಲವತ್ತೈದು ದಿನದ ರಜೆಯ ಮೇಲೆ ಬಂದಿದ್ದಾನೆ, ಬರುವಾಗ ಒಂದು ಸುದ್ದಿಯನ್ನೂ ತಂದಿದ್ದಾನೆ: ಮಾಲಕ ಫ್ಯಾಕ್ಟರಿಯ ಹಿಂದೆ ಎರಡು ಕೋಣೆಯ ಮನೆ ಕೊಡುತ್ತಾನೆ, ಶಾಹೀಸ್ತಾಳಿಗೆ ವೀಸಾ ಆಗಿದೆ. ಆದರೆ ತಿಂಗಳ ಇಪ್ಪತ್ತೆಂಟರೊಳಗೆ ಆಕೆ ಅಲ್ಲಿ ಕಾಲಿಡಬೇಕು. ತಾರೀಖು ಮೀರಿದರೆ ವೀಸಾ ರದ್ದು, ಮನೆ ಸರದಿಯಲ್ಲಿದ್ದ ಇನ್ನೊಬ್ಬನಿಗೆ.

ಟಿಕೇಟು ಇಪ್ಪತ್ತೆರಡಕ್ಕೆ. ಹದಿಮೂರನೇ ತಾರೀಖು ರಫೀಕ್ ಸಿಂಧನೂರಿಗೆ ಬಂದು, ಮಾವನ ಚಾಳಿ ಗೊತ್ತಿದ್ದವನ ಹಾಗೆ, ಟಿಕೇಟಿನ ಕಾಗದಗಳ ಒಂದು ಪ್ರತಿ ಅವನ ಕೈಯಲ್ಲಿಟ್ಟ. "ಮಾಮು, ನೀವು ಟೈಮು ನೋಡೋರು. ಇಟ್ಕೊಳ್ರಿ" ಅಂತ ನಕ್ಕು, ಚಾ ಕುಡಿದು, ಮಸ್ಕಿಗೆ ಹೋದ.

ಪಾಪ, ಪ್ರೀತಿಯಿಂದಲೇ ಕೊಟ್ಟದ್ದು. ಕೊಡಬಾರದಿತ್ತು.

ಅಂಗಳದ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಜಿಲಾನಿಸಾಬ್ ಕಾಗದ ಬಿಚ್ಚಿದ. ರಫೀಕನ ಟಿಕೇಟಿನಲ್ಲಿ ಬಂದದ್ದೂ ಹೋಗುವುದೂ ಎರಡೂ ಇದ್ದವು. ಹೋಗುವುದು: ಹೈದರಾಬಾದ್ ಬಿಡುವುದು ಮುಂಜಾನೆ ಹತ್ತೂ ಹತ್ತಕ್ಕೆ, ಜಿದ್ದಾ ಮುಟ್ಟುವುದು ಮಧ್ಯಾಹ್ನ ಒಂದೂ ಇಪ್ಪತ್ತೈದಕ್ಕೆ. ಮೂರೂಕಾಲು ತಾಸು. ಬಂದದ್ದು: ಜಿದ್ದಾ ಬಿಟ್ಟದ್ದು ಎರಡೂ ನಲವತ್ತಕ್ಕೆ, ಹೈದರಾಬಾದ್ ಮುಟ್ಟಿದ್ದು ರಾತ್ರಿ ಹತ್ತೂ ಇಪ್ಪತ್ತಕ್ಕೆ. ಏಳು ತಾಸು ನಲವತ್ತು ನಿಮಿಷ.

ಅವನು ಮತ್ತೊಮ್ಮೆ ಎಣಿಸಿದ. ಬೆರಳ ಮೇಲೆ ಎಣಿಸಿದ.

ಅದೇ ದಾರಿ, ಅದೇ ವಿಮಾನ. ಹೋಗಲು ಮೂರು ತಾಸು, ಬರಲು ಎಂಟು ತಾಸು ಅಂದರೆ ಏನು ಅರ್ಥ? ಮುಗಿಲಿನಲ್ಲಿ ಎಮ್ಮೆ ಅಡ್ಡ ಬರುತ್ತಾವೇನು? ಅಲ್ಲಿ ಮಿರ್ಚಿ ಅಂಗಡಿ ಇದೆಯೇನು? ಎರಡೂ ದಾರಿಗೆ ಹತ್ತು ಹದಿನೈದು ನಿಮಿಷದ ಫರಕು ಬಂದರೆ ಗಾಳಿ ಅನ್ನಬಹುದು, ಮಳೆ ಅನ್ನಬಹುದು. ನಾಲ್ಕೂವರೆ ತಾಸಿನ ಫರಕು ಬಂದರೆ ಅದಕ್ಕೆ ಕಂಟ್ರೋಲರನ ಭಾಷೆಯಲ್ಲಿ ಒಂದೇ ಹೆಸರು, ಗಾಡಿ ಎಲ್ಲೋ ನಿಂತಿದೆ.

ಚಪ್ಪಲಿ ಮೆಟ್ಟಿ ನೇರ ಸಂಗನಬಸವನ ರೀಚಾರ್ಜ್ ಅಂಗಡಿಗೆ ಹೋದ. ಅಂಗಡಿಯಲ್ಲಿ ಸಂಗನಬಸವನ ಮಗಳು ಅಮೂಲ್ಯಾ ಇದ್ದಳು, ಡಿಗ್ರಿ ಓದುವ ಹುಡುಗಿ.

"ಅಮೂಲ್ಯಾ, ನಿನ್ನ ಮೊಬೈಲ್‌ನ್ಯಾಗ ನೋಡವ್ವಾ. ಹೈದರಾಬಾದ್‌ಲಿಂದ ಜಿದ್ದಾ ಎಷ್ಟು ದೂರ? ವಿಮಾನದಾಗ ಎಷ್ಟು ತಾಸು?"

ಅಮೂಲ್ಯಾ ಎರಡು ಬೆರಳಲ್ಲಿ ಒತ್ತಿ, "ನಾಕು ಸಾವಿರದ ನೂರು ಕಿಲೋಮೀಟರ್ ಕಾಕಾ. ಐದೂವರಿ ತಾಸು" ಅಂದಳು.

"ಇನ್ನೊಮ್ಮಿ ನೋಡು."

"ಅಷ್ಟ ತೋರ್ಸಾಕತೈತಿ ಕಾಕಾ. ಯಾಕ, ಶಾಹೀಸ್ತಕ್ಕ ಹೊಂಟಾಳಂತಲ್ಲ?"

ಜಿಲಾನಿಸಾಬ್‌ಗೆ ಟಿಕೇಟು ಜೇಬಿನಲ್ಲಿ ಚುಚ್ಚುತ್ತಿತ್ತು. ತೆಗೆದು ತೋರಿಸಿದ್ದರೆ ಆ ಹುಡುಗಿ ಅಲ್ಲೇ ಹೇಳಿಬಿಡುತ್ತಿದ್ದಳೋ ಏನೋ. ಆದರೆ ಅಳಿಯನ ಮಾನದ ಮಾತು, ಪರರ ಮುಂದೆ ಬಿಚ್ಚುವುದು ಹೇಗೆ? ಅವನು ಮನಸ್ಸಿನಲ್ಲೇ ಭಾಗಾಕಾರ ಮಾಡಿದ. ಐದೂವರೆ ತಾಸಿಗೆ ನಾಲ್ಕು ಸಾವಿರದ ನೂರು ಅಂದರೆ ತಾಸಿಗೆ ಏಳುನೂರ ನಲವತ್ತೈದು. ಮೂರೂಕಾಲು ತಾಸಿಗೆ ಎರಡು ಸಾವಿರದ ನಾಲ್ಕುನೂರರ ಮೇಲೆ.

"ಹೈದರಾಬಾದ್‌ಲಿಂದ ಎರಡು ಸಾವಿರದ ನಾನೂರು, ಎರಡು ಸಾವಿರದ ಐನೂರು ಕಿಲೋಮೀಟರಿಗೆ ಯಾವ ಊರು ಬರತೈತಿ? ಆ ಕಡೆದು."

ಅಮೂಲ್ಯಾ ಹುಡುಕಿದಳು. "ದುಬೈ ಕಾಕಾ. ಹತ್ತಿರ ಹತ್ತಿರ ಅಷ್ಟ ಐತಿ."

ದುಬೈ. ಜಿಲಾನಿಸಾಬ್ ಅಂಗಡಿಯ ಬಾಗಿಲಿಗೆ ಕೈ ಹಚ್ಚಿ ನಿಂತ. ಲಿಂಗಸೂಗೂರಿಗೆ ಟಿಕೇಟು ತಗೊಂಡು ಮಸ್ಕಿಯಲ್ಲಿ ಇಳಿಯುವ ಎಷ್ಟು ಜನರನ್ನು ಅವನು ಕಂಡಿಲ್ಲ? ಸೀಟು ಸಿಗಲಿ ಅಂತ ಇಳಿಯುವವರು ಕೆಲವರು, ಮನೆಯಲ್ಲಿ ಲಿಂಗಸೂಗೂರು ಅಂತ ಹೇಳಿ ಮಸ್ಕಿಯಲ್ಲಿ ಬೇರೆ ಕೆಲಸ ಇಟ್ಟುಕೊಂಡವರು ಕೆಲವರು. ಇವನು ಎರಡನೆಯ ಪೈಕಿ. ಹೆಸರಿಗೆ ಜಿದ್ದಾ, ಇರುವುದು ದುಬೈ. ಬರುವಾಗ ಎಂಟು ತಾಸು ಯಾಕೆ ಬೇಕು? ನಡುವೆ ಯಾರದೋ ಮನೆಗೆ ಹೋಗಿ, ಉಂಡು, ಹೇಳಿ ಬರಲಿಕ್ಕೆ.

ಒಮ್ಮೆ ಕಣ್ಣು ಈ ಕಡೆ ತಿರುಗಿತೆಂದರೆ ಕಾಣುವುದಕ್ಕೆ ಕಮ್ಮಿಯೇ? ರಫೀಕ್ ತಂದುಕೊಟ್ಟ ಸಾಬೂನಿನ ಡಬ್ಬಿ ತಿರುಗಿಸಿ ನೋಡಿದ, ದುಬೈಯಲ್ಲಿ ತಯಾರಾದದ್ದು ಅಂತ ಇತ್ತು. ಅತ್ತರಿನ ಶೀಶೆಯೂ ಹಾಗೇ. ಸಲ್ಮಾಳನ್ನು ಕೇಳಿದ, "ಫೋನಿನ್ಯಾಗ ಮಾರಿ ತೋರ್ಸುವಾಗ ಅವನ ಹಿಂದ ಏನು ಕಾಣತೈತಿ?" ಆಕೆ, "ಗೋಡಿ ಕಾಣತೈತಿ. ಮತ್ತೇನು ಕಾಣಬೇಕು?" ಅಂದಳು. ಎರಡು ವರ್ಷ ಗೋಡೆ ಮಾತ್ರ ತೋರಿಸುವವನ ಎದುರಿಗೆ ಏನಿರಬೇಕು? ಸಲ್ಮಾ, "ನಿಮ್ಮ ತಲಿ ಕೆಟ್ಟೈತಿ" ಅಂದಳು, ಆದರೂ ಆವತ್ತು ಅನ್ನಕ್ಕೆ ಉಪ್ಪು ಹಾಕುವುದು ಮರೆತಳು.

ಜಿಲಾನಿಸಾಬ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಹತ್ತಿತ್ತು. ಪೇಪರಿನಲ್ಲಿ ಎಷ್ಟು ಬಂದಿಲ್ಲ? ಗೊತ್ತಿಲ್ಲದ ದೇಶಕ್ಕೆ ಕರೆದೊಯ್ದು, ಪಾಸ್‌ಪೋರ್ಟ್ ಕಸಿದುಕೊಂಡು, ಮೊದಲಿನ ಹೆಂಡತಿಯ ಮನೆಯಲ್ಲಿ ಕೆಲಸದಾಕೆಯಾಗಿ ಇಡುವುದು. ನನ್ನ ಶಾಹೀಸ್ತಾ ಹತ್ತೂ ಹತ್ತಕ್ಕೆ ವಿಮಾನ ಹತ್ತಿ ಯಾವ ಊರಲ್ಲಿ ಇಳಿಯುತ್ತಾಳೆ, ಯಾ ಅಲ್ಲಾ? ನಾನು ಬಿಟ್ಟ ಗಾಡಿ ಎಲ್ಲಿ ಮುಟ್ಟುತ್ತದೆ ಅಂತ ನನಗೇ ಗೊತ್ತಿಲ್ಲದೆ ಬಿಡಲೇನು?

ಮರುದಿನ ಮೊದಲ ಗಾಡಿಗೆ ಮಸ್ಕಿಗೆ ಹೋದ. ರಫೀಕ್ ಹಣ್ಣು ತರಲು ಪೇಟೆಗೆ ಹೋಗಿದ್ದ, ಮಕ್ತುಂಬೀ ಹಿತ್ತಲಲ್ಲಿ ಸೊಸೆಗೆ ಕಟ್ಟಿಕೊಡಲು ಬಹುದಿನ ಕೆಡದ ಖಟಕ್ ರೊಟ್ಟಿ ಬಡಿಯುತ್ತಿದ್ದಳು. ಜಿಲಾನಿಸಾಬ್ ಮಗಳನ್ನು ಕೋಣೆಗೆ ಕರೆದು, ಮಂಚದ ಮೇಲೆ ಟಿಕೇಟು ಹರವಿ, ಬೆರಳಿಟ್ಟು ತೋರಿಸಿದ. ಶಾಹೀಸ್ತಾ ಮೊದಲು ನಕ್ಕಳು.

"ಅಬ್ಬಾ, ಅಲ್ಲಿ ಟೈಮು ಹಿಂದ ಇರತೈತಿ. ನಮಗ ಹತ್ತಾದ್ರ ಅವರಿಗೆ ಏಳೂವರಿ. ನಾ ದಿನಾ ಫೋನ್ ಮಾಡ್ತೀನಲ್ಲ, ನನಗ ಗೊತ್ತಿಲ್ಲೇನು?"

ಇಲ್ಲೇ ನೋಡಿ, ಇಪ್ಪತ್ತಾರು ವರ್ಷದ ನೌಕರಿ ಅಡ್ಡ ಬಂತು.

"ಅದು ನನಗೂ ಗೊತ್ತೈತಿ. ಅಲ್ಲಿ ಗಡಿಯಾರ ಏನರ ಇರಲಿ, ಟಿಕೇಟಿನ ಟೈಮು ಯಾವುದು ಇರತೈತಿ ಹೇಳು? ಬಿಡೋ ಸ್ಟ್ಯಾಂಡಿಂದು. ನಮ್ಮ ಗಾಡಿ ಹೈದರಾಬಾದ್‌ಗೆ ಹೋಗ್ತಾವ, ಬೆಂಗಳೂರಿಗೆ ಹೋಗ್ತಾವ. ಇಲ್ಲಿ ಯಾವ ಗಡಿಯಾರ ನೋಡಿ ಬಿಟ್ಟೆವೋ ಅದ ಗಡಿಯಾರ ಹಿಡಿದು ಮುಟ್ಟೋ ಟೈಮು ಬರೀತೀವಿ. ಹಾದ್ಯಾಗ ಗಡಿಯಾರ ಬದಲು ಮಾಡಿದ್ರ ಒಂದು ಗಾಡಿ ಮ್ಯಾಲ ಇನ್ನೊಂದು ಗಾಡಿ ಬೀಳ್ತಾವ. ಬಸ್ಸಿಗೇ ಹಿಂಗಿರುವಾಗ ವಿಮಾನಕ್ಕ ಎಷ್ಟು ಹುಷಾರಿರಬೇಕು? ಒಂದ ಕಾಗದದ ಮ್ಯಾಲ ಎರಡು ಗಡಿಯಾರ ಯಾ ಮೂರ್ಖ ಬರೀತಾನ?"

ಶಾಹೀಸ್ತಾಳ ನಗು ನಿಂತಿತು. ಅಪ್ಪ ಹೇಳುವುದರಲ್ಲಿ ಒಂದು ದಾರ ಕೂಡ ಸಡಿಲ ಕಾಣಲಿಲ್ಲ. ಆಕೆ ಕಾಗದ ಕೈಗೆ ತಗೊಂಡು ತಾನೇ ಎಣಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ಒಂದೊಂದು ಸಲ ಫೋನಿನ್ಯಾಗ ಹೆಣ್ಣು ದನಿ ಕೇಳತೈತಿ ಅಬ್ಬಾ. ಕೇಳಿದ್ರ, ಅಡಿಗಿ ಮಾಡೋ ಮುದುಕಿ ಅಂತಾರ."

"ಮುದುಕಿ ಅಂತ ನೋಡಿದವ್ರ್ಯಾರು?"

ಎರಡು ತಿಂಗಳು ಕಂಡ ಗಂಡ ಒಂದು ಕಡೆ, ಹುಟ್ಟಿದಂದಿನಿಂದ ಕಂಡ ಅಪ್ಪ ಒಂದು ಕಡೆ. ಹಿಂದೆ ಇದೇ ಅಪ್ಪ ಒಂದು ಬಸ್ಸಿನ ಟೈಮಿನಿಂದ ತನ್ನ ಬಾಳು ಉಳಿಸಿದ್ದು ಆಕೆಗೆ ನೆನಪಾಗದೆ ಇರುತ್ತದೆಯೇ?

"ನಾ ಅವರನ್ನ ಕೇಳಲೇನು?"

"ಬ್ಯಾಡ. ಚೆಕಿಂಗ್ ಐತಿ ಅಂತ ಡ್ರೈವರಿಗೆ ಮೊದಲ ಹೇಳಿದ್ರ ಚೆಕಿಂಗ್ ಹೆಂಗ ಆಗತೈತಿ? ನಾ ಎದಿನೋವು ಅಂತ ಮಲಗ್ತೀನಿ. ನೀ ಸಿಂಧನೂರಿಗೆ ಬಾ. ಅಬ್ಬಾಗ ಆರಾಮಿಲ್ಲ, ಈಗ ಬರಾಕ ಆಗಂಗಿಲ್ಲ ಅನ್ನು. ಅವ ಏನು ಮಾಡ್ತಾನ ನೋಡೋಣು."

ಹೀಗೆ, ಕಲ್ಲಿನಂಥ ಆರೋಗ್ಯದ ಜಿಲಾನಿಸಾಬ್ ಹದಿನೈದನೇ ತಾರೀಖು ಎದೆ ಹಿಡಿದುಕೊಂಡು ಮಂಚ ಹತ್ತಿದ. ಶಾಹೀಸ್ತಾ ಬಂದಳು. ಹಿಂದೆಯೇ ರಫೀಕ್ ಓಡಿ ಬಂದ.

ಅವನು ಏನು ಮಾಡಿದ ಅಂತೀರಿ? ಮಾವನನ್ನು ರಾಯಚೂರಿಗೆ ದೊಡ್ಡ ದವಾಖಾನೆಗೆ ಕರೆದೊಯ್ಯುತ್ತೇನೆ ಅಂದ. ಜಿಲಾನಿಸಾಬ್ ಒಲ್ಲೆ ಅಂದ. ದಾಳಿಂಬೆ ಬಿಡಿಸಿ ಬಟ್ಟಲಲ್ಲಿಟ್ಟು ಕೊಟ್ಟ. ದಿನಾ ಮುಂಜಾನೆ ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳಿದ. ಶಾಹೀಸ್ತಾ ತಲೆ ತಗ್ಗಿಸಿ, "ಅಬ್ಬಾನ್ನ ಹಿಂಗ ಬಿಟ್ಟು ನಾ ಹೆಂಗ ಬರ್ಲಿ?" ಅಂದಾಗ, "ಖರೇ ಐತಿ" ಅಂದ. ಇಪ್ಪತ್ತೆರಡರ ಟಿಕೇಟು ರದ್ದು ಮಾಡಿ, ಮಾಲಕನಿಗೆ ಫೋನ್ ಹಚ್ಚಿ ಕಾಡಿ ಬೇಡಿ ಹತ್ತು ದಿನ ರಜೆ ಹೆಚ್ಚಿಗೆ ತಗೊಂಡ. ಇಪ್ಪತ್ತೆಂಟರೊಳಗೆ ಮಾವ ಎದ್ದು ಕೂತರೆ ಇಬ್ಬರೂ ಹೋಗಬಹುದು ಅಂತ ಅವನ ಆಸೆ.

ಬೇರೆ ಯಾರಾದರೂ ಇದನ್ನು ನೋಡಿ ಕರಗುತ್ತಿದ್ದರು. ಜಿಲಾನಿಸಾಬ್ ಕರಗುವ ಪೈಕಿ ಅಲ್ಲ. ಫೋನಿನಲ್ಲಿ ಬೇಡಿದ್ದಕ್ಕೇ ಹತ್ತು ದಿನ ರಜೆ ಕೊಡುವ ಮಾಲಕ ಎಲ್ಲಿರುತ್ತಾನೆ? ಇವನಿಗೆ ನೌಕರಿಯೇ ಇಲ್ಲ, ಇದ್ದರೆ ತಾನೇ ರಜೆ! ಇಷ್ಟೊಂದು ಸೇವೆ ಯಾಕೆ ಮಾಡುತ್ತಾನೆ? ತಪ್ಪು ಮಾಡಿದ ಡ್ರೈವರ್‌ಗಳೇ ಅವನಿಗೆ ಚಾ ತಂದುಕೊಡುತ್ತಿದ್ದದ್ದು. ಸಲ್ಮಾ ಒಂದು ದಿನ ಕಿವಿಯ ಹತ್ತಿರ ಬಗ್ಗಿ, "ಎದ್ದು ಕುಂದರ್ರಿ. ಹುಡುಗನ ಮಾರಿ ನೋಡಾಕ ಆಗವಲ್ದು ನನಗ" ಅಂದಳು. ಅವನು ಗೋಡೆ ಕಡೆ ಹೊರಳಿದ.

ಇಪ್ಪತ್ತೆಂಟು ಬಂತು, ಹೋಯಿತು.

ಮೂವತ್ತರ ಮುಂಜಾನೆ ರಫೀಕನಿಗೆ ಫೋನ್ ಬಂತು. ಅಂಗಳದಲ್ಲಿ ನಿಂತು ಉರ್ದುವಿನಲ್ಲಿ ಎರಡು ಮಾತಾಡಿ ಒಳಗೆ ಬಂದ. ಮನೆಯನ್ನು ಮಾಲಕ ಕೇರಳದ ಒಬ್ಬನಿಗೆ ಕೊಟ್ಟನಂತೆ. ಮತ್ತೆ ಯಾವಾಗ ಖಾಲಿಯಾಗುತ್ತದೋ, ಎರಡು ವರ್ಷವೋ ಮೂರೋ. ಅವನಿಗೂ ನಾಳಿದ್ದು ಹೊರಡದೆ ಗತಿಯಿಲ್ಲ. ಇಷ್ಟನ್ನು ಹೇಳಿ, "ಇರಲಿ ಬಿಡ್ರಿ, ಮಾಮು ಉಳದ್ರಲ್ಲ" ಅಂತ ಮಂಚದ ತುದಿಯಲ್ಲಿ ಕೂತು ಮಾವನ ಕಾಲು ಒತ್ತತೊಡಗಿದ. ಮಸ್ಕಿಯಿಂದ ಬೀಗರನ್ನು ನೋಡಲು ಬಂದಿದ್ದ ಮಕ್ತುಂಬೀ ಕೆಳಗೆ ಚಾಪೆಯ ಮೇಲಿದ್ದಳು. ಸಲ್ಮಾ ಅಡಿಗೆಮನೆಯ ಬಾಗಿಲಲ್ಲಿ, ಶಾಹೀಸ್ತಾ ಕಿಟಕಿಯ ಹತ್ತಿರ.

ಜಿಲಾನಿಸಾಬ್‌ಗೆ ಆ ಕೈ ತನ್ನ ಕಾಲಿಗೆ ತಾಗುವುದು ತಡೆಯಲಾಗಲಿಲ್ಲ. ದಡಕ್ಕನೆ ಎದ್ದು ಕೂತ. ತಾನು ಹದಿನೈದು ದಿನದಿಂದ ಎದೆನೋವಿನವನು ಅನ್ನುವುದೂ ನೆನಪಾಗಲಿಲ್ಲ.

"ಕಾಲು ಬಿಡು. ಮೊದಲು ಇದನ್ನ ಹೇಳು. ಮೂರೂಕಾಲು ತಾಸಿನ್ಯಾಗ ಜಿದ್ದಾ ಹೆಂಗ ಮುಟ್ತೀಯಪ್ಪಾ ನೀ?"

ರಫೀಕ್ ಕಣ್ಣು ಮಿಟುಕಿಸಿದ. "ಏನು ಮಾಮು?"

ದಿಂಬಿನ ಕೆಳಗಿಂದ ಟಿಕೇಟು ಬಂತು. ಹತ್ತೂ ಹತ್ತು, ಒಂದೂ ಇಪ್ಪತ್ತೈದು. ಎರಡೂ ನಲವತ್ತು, ಹತ್ತೂ ಇಪ್ಪತ್ತು. ನಾಲ್ಕು ಸಾವಿರದ ನೂರು ಕಿಲೋಮೀಟರು. ದುಬೈ, ಸಾಬೂನು, ಗೋಡೆ, ಹೆಣ್ಣುದನಿ. ಒಂದಾದ ಮೇಲೊಂದು ಎಲ್ಲಾ ಹೇಳಿ, ಮುಗಿಸುವಾಗ ಜಿಲಾನಿಸಾಬ್‌ಗೆ ಏದುಸಿರು ಬಂದಿತ್ತು. "ನೀ ಎಲ್ಲಿ ಇಳೀತಿ? ಅಲ್ಲಿ ಯಾರದಾರ? ನನ್ನ ಮಗಳನ್ನ ಯಾವಾಕಿ ಮನಿಗೆ ಕೆಲಸಕ್ಕ ಒಯ್ಯಾಕ ಹೊಂಟಿದ್ದಿ?"

ರಫೀಕ್ ಕಾಗದ ನೋಡಿದ, ಮಾವನನ್ನು ನೋಡಿದ. ಮೊದಲು ಅವನ ಭುಜ ಅಲುಗಿದವು. ಆಮೇಲೆ ಒಳಗಿಂದ ನಗು ಒತ್ತರಿಸಿ ಬಂತು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಮಾಮು, ವಿಮಾನದ ಟಿಕೇಟಿನ್ಯಾಗ ಬಿಡೋ ಟೈಮು ಬಿಡೋ ಊರಿನ ಗಡಿಯಾರದ್ದು, ಮುಟ್ಟೋ ಟೈಮು ಮುಟ್ಟೋ ಊರಿನ ಗಡಿಯಾರದ್ದು. ಇಡೀ ದುನಿಯಾದಾಗ ಹಂಗ ಬರೀತಾರ. ಒಂದೂ ಇಪ್ಪತ್ತೈದು ಅಂದ್ರ ನಮ್ಮದು ಮೂರೂ ಐವತ್ತೈದು."

"ಒಂದ ಕಾಗದದಾಗ ಎರಡು ಗಡಿಯಾರ?"

"ಎರಡು ಗಡಿಯಾರ."

ಜಿಲಾನಿಸಾಬ್ ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದ. ಮೂರೂಕಾಲಕ್ಕೆ ಎರಡೂವರೆ ಸೇರಿಸಿದರೆ ಐದೂಮುಕ್ಕಾಲು. ಏಳೂ ನಲವತ್ತರಲ್ಲಿ ಎರಡೂವರೆ ಕಳೆದರೆ ಐದೂ ಹತ್ತು. ಅಮೂಲ್ಯಾಳ ಮೊಬೈಲು ಹೇಳಿದ್ದು ಐದೂವರೆ, ಎರಡರ ನಡುವೆ ಬಂದು ಕೂತಿತು. ಗಾಡಿ ಎಲ್ಲೂ ನಿಂತಿಲ್ಲ. ಗೂಡಂಗಡಿಗೂ ನಿಂತಿಲ್ಲ. ಅವನ ಕಿವಿ ಬೆಚ್ಚಗಾದವು.

"ಮತ್ತ ಸಾಬೂನು?" ಅಂತ ಕೇಳಿದ, ದನಿ ಸಣ್ಣದಾಗಿ.

"ಆ ಸಾಬೂನು ಸಿಂಧನೂರಾಗೂ ಸಿಗತೈತಿ ಮಾಮು. ಮುದುಕಿ ಹೆಸರು ಗ್ಯಾನಮ್ಮ, ರಾಯಚೂರು ಕಡೆಯಾಕಿ, ಅರವತ್ತರ ಮ್ಯಾಲಾಗ್ಯಾವ. ಮಾತಾಡ್ತೀರೇನು, ಹಚ್ಚಿ ಕೊಡ್ಲಿ?"

ಸಲ್ಮಾ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮಕ್ತುಂಬೀ, "ನಿಮ್ಮ ಎದಿನೋವು ಇದಾ ಏನ್ರೀ ಬೀಗರ?" ಅಂತ ಚಾಪೆಯ ಮೇಲೆ ಹೊರಳಾಡಿ ನಕ್ಕಳು. ಜಿಲಾನಿಸಾಬ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿದರೂ, ಎದೆಯ ಮೇಲಿನ ಬಂಡೆ ಇಳಿದದ್ದೂ ಸುಳ್ಳಲ್ಲ. ಮಗಳ ಬಾಳು ಚೊಕ್ಕಟವಾಗಿದೆ, ಅಳಿಯ ಬಂಗಾರದಂಥವನು. ಅವನು ರಫೀಕನ ಕೈ ಹಿಡಿದು, "ತಪ್ಪಾತಪ್ಪಾ, ಮಾಫ್ ಮಾಡು" ಅಂದ. ರಫೀಕ್, "ಇರಲಿ ಬಿಡ್ರಿ ಮಾಮು. ಮಗಳ ತಂದಿ ನೀವು, ಹೆದರಿಕಿ ಇರತೈತಿ. ಎರಡು ವರ್ಷ ತಡ ಆದೀತು, ಮತ್ತ ವೀಸಾ ಮಾಡಿಸಿದ್ರಾತು" ಅಂದ. ಹೇಳಿದ್ದು ಮನಸಾರೆ.

ಆಮೇಲೆ, ಇನ್ನೂ ಆ ನಗುವಿನಲ್ಲೇ, ಕಿಟಕಿಯ ಕಡೆ ತಿರುಗಿದ. "ಶಾಹೀಸ್ತಾ, ನಿಮ್ಮ ಅಬ್ಬಾನ ಆಟ ನೋಡಿದೇನು? ಅಬ್ಬಾಗ ಎದಿನೋವು ಅಂತ ನೀನೂ ಅಳಾಕತ್ತಿದ್ದಿ ಪಾಪ."

ಶಾಹೀಸ್ತಾ ನಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದಳು. ರಫೀಕ್ ಆಕೆಯ ಮುಖ ನೋಡಿದ. ನೋಡುತ್ತಾ ನೋಡುತ್ತಾ ಅವನ ನಗು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು.

"ನಿನಗ ಗೊತ್ತಿತ್ತಾ?"

ಜಿಲಾನಿಸಾಬ್, "ನಾನ ಹೇಳಿದ್ದೆ ಆಕಿಗೆ. ಆಕಿದೇನೂ ತಪ್ಪಿಲ್ಲ" ಅಂತ ನಡುವೆ ಬಾಯಿ ಹಾಕಿದ. ರಫೀಕ್ ಮಾವನ ಕಡೆ ತಿರುಗಲಿಲ್ಲ.

"ಎಂದಿನಿಂದ?"

"ಹದಿನಾಲ್ಕರಿಂದ" ಅಂದಳು ಶಾಹೀಸ್ತಾ.

"ಹದಿನಾರು ದಿನ. ಬಾಜೂಕ ಕುಂತು ಉಂಡೀವಿ. ನಾ ಮಾಲಕನ ಕಾಲು ಹಿಡಿಯೋದು ನೀ ಕೇಳಿಸಿಕೊಂಡಿ. ಅಷ್ಟೂ ದಿನ ನಾ ನಿನ್ನನ್ನ ಯಾವಾಕಿಯೋ ಮನಿಗೆ ಕೆಲಸಕ್ಕ ಒಯ್ಯಾಕ ಬಂದೀನಿ ಅಂತ ತಿಳ್ಕೊಂಡಿದ್ದಿ?"

"ಅಬ್ಬಾನ ಟೈಮು ಎಂದೂ ತಪ್ಪಿಲ್ಲ..." ಅಂದಳು ಆಕೆ. ಹೇಳಿದ ಮೇಲೆ, ಈ ಮಾತು ಹೇಳಬಾರದಿತ್ತು ಅಂತ ಆಕೆಗೇ ಗೊತ್ತಾಯಿತು.

"ನನ್ನ ಒಂದು ಮಾತು ಕೇಳಿದ್ರ ಆಗತಿತ್ತು. ಒಂದ ಒಂದು ನಿಮಿಷದ ಮಾತು." ಅವನು ಸಿಟ್ಟಾಗಿ ಹೇಳಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಅಂತ ಜಿಲಾನಿಸಾಬ್‌ಗೆ ಅನ್ನಿಸಿತು. ಬೈದವರು ನಾಳೆ ಮಾತಾಡುತ್ತಾರೆ. ಇವನು ಟಿಕೇಟಿನ ಕಾಗದವನ್ನು ಮಡಚಿ ಮಾವನ ದಿಂಬಿನ ಮೇಲಿಟ್ಟು, ತಾಯಿಯನ್ನು ಎಬ್ಬಿಸಿಕೊಂಡು ಮಸ್ಕಿಯ ಬಸ್ಸಿಗೆ ಹೋದ. ಶಾಹೀಸ್ತಾ ಚಪ್ಪಲಿ ಹಾಕಿಕೊಂಡು ಹಿಂದೆ ಹೊರಟಾಗ, "ಇಲ್ಲೇ ಇರು. ಅಬ್ಬಾನ್ನ ನೋಡ್ಕೋ" ಅಂದ.

ಮರುದಿನ ಮಧ್ಯಾಹ್ನ ಹೈದರಾಬಾದಿನ ಗಾಡಿ ಹಿಡಿಯಲು ಸಿಂಧನೂರು ಸ್ಟ್ಯಾಂಡಿಗೆ ಬಂದ. ಅಪ್ಪ ಮಗಳು ಇಬ್ಬರೂ ಹೋಗಿ ನಿಂತರು. ರಫೀಕ್ ಮಾವನಿಗೆ ಸಲಾಂ ಮಾಡಿದ, ಔಷಧಿ ಬೇಕಿಲ್ಲವಲ್ಲ ಅಂತ ಸಣ್ಣಗೆ ನಕ್ಕ. ಹೆಂಡತಿಗೆ, "ಬಿಸಿಲಿನ್ಯಾಗ ನಿಂದರಬ್ಯಾಡ, ಮನಿಗೆ ಹೋಗು" ಅಂದ. ಆಕೆ ಕಿಟಕಿಯ ಕೆಳಗೆ ನಿಂತು, "ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ" ಅಂತ ಎರಡು ಸಲ ಹೇಳಿದಳು. ಗಾಡಿ ಎರಡು ನಿಮಿಷ ತಡವಾಗಿ ಬಿಟ್ಟಿತು. ಜಿಲಾನಿಸಾಬ್ ಯಾರನ್ನೂ ಏನೂ ಕೇಳಲಿಲ್ಲ.

ಮಾರನೆಯ ದಿನ ಮುಂಜಾನೆ ಹತ್ತೂ ಹತ್ತಕ್ಕೆ ಶಾಹೀಸ್ತಾ ಅಂಗಳಕ್ಕೆ ಬಂದು ಮುಗಿಲು ನೋಡಿದಳು, ಅಲ್ಲೇನೋ ಕಾಣುತ್ತದೆ ಅನ್ನುವ ಹಾಗೆ. ಊಟಕ್ಕೆ ಕೂತು ಎದ್ದಳು, ಉಣ್ಣಲಿಲ್ಲ. ಮೂರೂ ಐವತ್ತೈದಾಯಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ಸಲ್ಮಾ ಚಾ ಮಾಡಿಟ್ಟದ್ದು ಆರಿತು.

ನಾಲ್ಕೂ ಹತ್ತಕ್ಕೆ ಫೋನ್ ಬಂತು. ಬಂದದ್ದು ಜಿಲಾನಿಸಾಬ್‌ನ ಜೇಬಿನಲ್ಲಿ.

"ಮಾಮು, ಮುಟ್ಟಿದೆ. ಇಲ್ಲಿ ಒಂದೂ ಇಪ್ಪತ್ತೈದು, ಅಲ್ಲಿ ಮೂರೂ ಐವತ್ತೈದಕ್ಕ ಇಳೀತು. ನಡುವ ಎಲ್ಲೂ ನಿಂತಿಲ್ಲ."

"ಛಲೋ ಆತಪ್ಪಾ, ಛಲೋ ಆತು." ಜಿಲಾನಿಸಾಬ್ ಹೊಸ್ತಿಲ ಕಡೆ ನೋಡಿದ. "ಶಾಹೀಸ್ತಾ ಇಲ್ಲೇ ಕುಂತಾಳ. ಆಕಿಗೆ ಕೊಡ್ಲೇನು?"

ಆ ಕಡೆ ಜನರ ಗದ್ದಲ ಕೇಳುತ್ತಿತ್ತು, ಯಾವುದೋ ಊರಿನ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು.

"ಬ್ಯಾಡ ಮಾಮು. ಆಕಿ ಏನಿದ್ರೂ ನಿಮ್ಮನ್ನ ಕೇಳ್ತಾಳ. ನೀವ ಹೇಳ್ರಿ."

ಫೋನ್ ಕಟ್ಟಾಯಿತು. ಜಿಲಾನಿಸಾಬ್ ಅದನ್ನು ಕಿವಿಯಿಂದ ತೆಗೆಯದೆ ಹಾಗೇ ಹಿಡಿದುಕೊಂಡಿದ್ದ, ಇನ್ನೂ ಮಾತು ನಡೆದಿದೆ ಅಂತ ಮಗಳು ತಿಳಿಯಲಿ ಅಂತ. ಎಷ್ಟು ಹೊತ್ತು ಹಿಡಿದಾನು? ಶಾಹೀಸ್ತಾ ಎದ್ದು ಬಂದು, ತನ್ನ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಎದುರಿಗೆ ನಿಂತಳು.

"ಅಬ್ಬಾ," ಅಂತ ಕೇಳಿದಳು, "ಎಷ್ಟೊತ್ತಿಗೆ ಮುಟ್ಟಿದ್ರಂತ?"